ಹಳೇ ಟೈಲ್ಸ್ ಕೀಳೋದಾ, ಅದರ ಮೇಲೇ ಕೂರಿಸೋದಾ?

ಮೈಸೂರಿನ ಹಳೇ ಮನೆಗಳ 4×6 ಅಡಿ ಬಚ್ಚಲುಗಳಲ್ಲಿ ಎರಡೂ ಮಾಡಿ ನೋಡಿದ್ದೇವೆ. ಕೈ ಬಿಗಿಯಿದ್ದು ನೀವೇ ಮಾಡಿಕೊಳ್ಳುವುದಾದರೆ ನಮ್ಮ ಓಟು ಮೇಲೆ ಕೂರಿಸುವುದಕ್ಕೇ.

ಅದಕ್ಕೂ ಮೊದಲು ಸುತ್ತಿಗೆಯ ಹಿಡಿಯಿಂದ ಪ್ರತಿ ಟೈಲ್ಸನ್ನೂ ತಟ್ಟಿ ನೋಡಿ. ಅಲ್ಲೊಂದು ಇಲ್ಲೊಂದು ಟೊಳ್ಳು ಸದ್ದು ಬಂದರೆ ಅಷ್ಟನ್ನೇ ಕಿತ್ತು ಗಾರೆ ತುಂಬಿದರಾಯಿತು. ಆಮೇಲೆ ಒಂದು ಬಕೆಟ್ ನೀರು ಸುರಿಯಿರಿ. ಮೂಲೆಯಲ್ಲಿ ನಿಂತರೆ ವಾಟ (ನೀರು ಹರಿದುಹೋಗುವ ಇಳಿಜಾರು) ಕೆಟ್ಟಿದೆ ಅಂತಲೇ ಅರ್ಥ, 3 ಮಿಮೀ ಅಂಟು ಅದನ್ನು ಸರಿಮಾಡಲ್ಲ. ಕೆಳಮನೆಯ ತಾರಸಿಯಲ್ಲಿ ತೇವ ಕಂಡರಂತೂ ಕೀಳದೆ ವಿಧಿಯಿಲ್ಲ.

ಕೀಳುವುದರಲ್ಲಿ ಉಳಿ-ಸುತ್ತಿಗೆ ಖರ್ಚು ಏನೂ ಅಲ್ಲ. 24 ಚದರಡಿಗೆ ಎರಡಿಂಚು ಹಳೇ ಗಾರೆ ಎಂದರೆ 200 ಕೆಜಿ ದಾಟುವ ಚೂರು, ಅದನ್ನು ಸಾಗಿಸಬೇಕು. ನಹನಿ ಟ್ರ್ಯಾಪ್ (ಬಚ್ಚಲ ನೀರು ಇಳಿಯುವ ಬಾಯಿ) ಹತ್ತಿರ ಏಟು ತಪ್ಪಿದರೆ ಪೈಪ್ ಬಿರುಕು. ವಾಟರ್‌ಪ್ರೂಫಿಂಗ್ ಹೊಸದಾಗಿ ಎರಡು ಕೋಟ್, ಗೋಡೆಗೂ ಒಂದಡಿ ಎತ್ತರಕ್ಕೆ. ಒಣಗಿದ ಮೇಲೆ 48 ಗಂಟೆ ನೀರು ನಿಲ್ಲಿಸಿ ನೋಡಬೇಕು. ದುಡ್ಡು ಸೋರುವುದು ಇಲ್ಲೇ.

ಮೇಲೆ ಕೂರಿಸಲು 20 ಕೆಜಿಯ ಒಂದು ಚೀಲ ಟೈಲ್ಸ್ ಅಂಟು ಸಾಕು. ಚೀಲದ ಮೇಲೆ ಐಎಸ್ 15477 (ಟೈಲ್ಸ್ ಅಂಟಿನ ಭಾರತೀಯ ಮಾನಕ ಸಂಖ್ಯೆ) ಜೊತೆಗೆ 'ಹಳೇ ಟೈಲ್ಸ್ ಮೇಲೂ ಹಾಕಬಹುದು' ಅಂತ ಇದೆಯಾ ನೋಡಿ. ಅಗ್ಗದ್ದು ನುಣುಪು ಮೈಗೆ ಹಿಡಿಯಲ್ಲ. ಸೋಪಿನ ಜಿಡ್ಡು ತೆಗೆದು ಗ್ರೈಂಡರ್‌ನಲ್ಲಿ ಹೊಳಪು ಕೆರೆಯಿರಿ. ಒಂದಡಿ ಚೌಕದ, ಜಾರದ ಟೈಲ್ಸ್ 27 ತಂದರೆ ಕಟಿಂಗ್‌ಗೂ ಆಗುತ್ತೆ. ನೀರಿಗೆ ಅಂಟಿನ ಪುಡಿ ಹಾಕಿ, ಪುಡಿಗೆ ನೀರಲ್ಲ. 6 ಮಿಮೀ ಹಲ್ಲಿನ ಕರಣೆಯಿಂದ ಎಳೆದ ಅಂಟು ಸುಮಾರು 20 ನಿಮಿಷಕ್ಕೆ ಕೆನೆಗಟ್ಟುತ್ತೆ. ಬೆರಳಿಗೆ ಅಂಟದಿದ್ದರೆ ಕೆರೆದು ಬಿಸಾಡಿ. ನೀರು ಚಿಮುಕಿಸಿ ಮತ್ತೆ ಕಲಸಿದ್ದು ತಿಂಗಳೊಪ್ಪತ್ತಿನಲ್ಲಿ ಏಳುತ್ತೆ. ಎರಡು ದಿನ ಕಾಲಿಡಬೇಡಿ, ಕೆಳಗಿನ ಟೈಲ್ಸ್ ನೀರು ಹೀರದ ಕಾರಣ ನಿಧಾನಕ್ಕೆ ಒಣಗುವುದು.

ನೆಲ ಒಂದು ಸೆಂಟಿಮೀಟರಿಗಿಂತ ತುಸು ಏರುತ್ತೆ. ಬಾಗಿಲ ತಳ ಕೊಯ್ಯಬೇಕು, ಜಾಲರಿ ಎತ್ತರಿಸಬೇಕು.

ಉಳಿದ ದುಡ್ಡು ಎಪಾಕ್ಸಿ ಗ್ರೌಟಿಗೆ (ಟೈಲ್ಸ್ ಸಂದಿಗೆ ತುಂಬುವ ರಾಳದ ಮಿಶ್ರಣ) ಹಾಕಿ. ಬೋರ್‌ವೆಲ್ ನೀರಿನ ಬಿಳಿ ಕಲೆಗೆ ಆಸಿಡ್ ಸುರಿಯುವುದು ನಮ್ಮ ಮನೆಗಳ ರೂಢಿ, ಅದು ಸಿಮೆಂಟ್ ಗ್ರೌಟನ್ನು ತಿಂದುಹಾಕುತ್ತೆ. 3 ಮಿಮೀ ಸಂದಿಗೆ ಒಂದು ಕೆಜಿ ಡಬ್ಬ ಸಾಕು. ಸ್ವಲ್ಪ ಸ್ವಲ್ಪವೇ ಕಲಸಿ, ಮೇಲೆ ಮೆತ್ತಿದ್ದನ್ನು ಗಟ್ಟಿಯಾಗುವ ಮೊದಲೇ ಒದ್ದೆ ಸ್ಪಾಂಜಿನಲ್ಲಿ ಒರೆಸಿ. ನೆಲ-ಗೋಡೆ ಕೂಡುವ ಮೂಲೆಗೆ ಮಾತ್ರ ಗ್ರೌಟ್ ಬೇಡ, ಸಿಲಿಕಾನ್ ಹಾಕಿ.