ಮೂರು ವರ್ಷ ಬಳಸಿದ 750 ವ್ಯಾಟ್ ಮಿಕ್ಸಿ: ಬಿಸಿಯಾಗಿದ್ದು ಮೋಟಾರು, ತಪ್ಪು ಜಾರಿನದು

ಈ ಮಿಕ್ಸಿ ಮನೆಗೆ ಬಂದು ಮೂರು ವರ್ಷ ದಾಟಿತು. 750 ವ್ಯಾಟ್, ಮೂರು ಜಾರ್. ಕಾಯಿ ಚಟ್ನಿ, ಸಾರಿನ ಪುಡಿಗೆ ಹೆಸರಿಡುವ ಹಾಗಿಲ್ಲ. ತಕರಾರು ಶುರುವಾಗಿದ್ದು ದೋಸೆ ಹಿಟ್ಟಿನಿಂದ.

ಹೊಸತರಲ್ಲಿ ಸ್ವಲ್ಪ ವಾಸನೆ ಬರುತ್ತಿತ್ತು. ಮೋಟಾರಿನ ವೈಂಡಿಂಗ್‌ಗೆ, ಅಂದರೆ ಒಳಗೆ ಸುತ್ತಿದ ತಂತಿಗೆ, ಹಚ್ಚಿದ ವಾರ್ನಿಷ್ ಕಾದರೆ ಹಾಗಾಗುತ್ತದೆ, ನಾಲ್ಕು ದಿನಕ್ಕೆ ಹೋಯಿತು. ಎರಡನೇ ವರ್ಷದ್ದು ಬೇರೆ ಕಥೆ. ಉದ್ದಿನ ಬೇಳೆ ಹಾಕಿ ಎರಡು ನಿಮಿಷ ಆಗುವಷ್ಟರಲ್ಲಿ ಮಿಕ್ಸಿಯ ಮೈ ಸುಡುತ್ತಿತ್ತು, ಆಮೇಲೆ ಟಕ್ ಅಂತ ಬಂದ್. ಅಡಿಯಲ್ಲಿ ಕೆಂಪು ಗುಂಡಿ ಇದೆಯಲ್ವಾ, ಓವರ್‌ಲೋಡ್ ಆದರೆ ಅದು ಹೊರಗೆ ಬರುತ್ತದೆ. ಪೂರ್ತಿ ತಣ್ಣಗಾದ ಮೇಲೆ ಒತ್ತಬೇಕು. ನಾನು ಐದೇ ನಿಮಿಷಕ್ಕೆ ಒತ್ತುತ್ತಿದ್ದೆ. ನೆಂಟರು ತಟ್ಟೆ ಮುಂದೆ ಕೂತಿರುವಾಗ ಯಾರು ಕಾಯ್ತಾರೆ?

ಸರ್ವಿಸ್ ಸೆಂಟರಿನವರು ಜಾರ್ ಬೇಡ, ಮಿಕ್ಸಿ ಮಾತ್ರ ತನ್ನಿ ಅಂದರು. ನೋಡಿದವರೇ ಮೋಟಾರ್ ಬದಲಾಯಿಸಬೇಕು ಅಂದರು. ಮನಸ್ಸು ಒಪ್ಪಲಿಲ್ಲ, ವಾಪಸ್ ತಂದೆ.

ನಮ್ಮ ಬೀದಿಯ ರಿಪೇರಿ ಅಂಗಡಿಯವರು ಮೊದಲು ಕೇಳಿದ್ದೇ "ಜಾರ್ ಎಲ್ಲಿ ಅಕ್ಕಾ?" ಅಂತ. ಮನೆಗೆ ಹೋಗಿ ತಂದುಕೊಟ್ಟೆ. ಬೋರಲು ಹಾಕಿ ಅಡಿಯ ಕಪ್ಲರನ್ನು (ಮೋಟಾರಿಗೆ ಕೂರುವ ಹಲ್ಲಿನ ಬಿಲ್ಲೆ) ಎರಡು ಬೆರಳಲ್ಲಿ ತಿರುಗಿಸಿದರು. ಅಲ್ಲಾಡಲಿಲ್ಲ. ಸಲೀಸಾಗಿ ತಿರುಗಬೇಕಂತೆ. ವಾಷರ್ ಸವೆದು, ಹಿಟ್ಟಿನ ನೀರು ಬ್ಲೇಡಿನ ಕಡ್ಡಿ ತಿರುಗುವ ಬುಷ್‌ಗೆ ಇಳಿದು, ಒಳಗೆಲ್ಲ ತುಕ್ಕು. "ಇದನ್ನ ತಿರುಗಿಸೋಕೆ ಮೋಟಾರ್ ಎಷ್ಟು ಒದ್ದಾಡಿರಬೇಕು ನೋಡಿ" ಅಂದರು. ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಕೂಡ ಬಿಚ್ಚಿ ನೋಡಿದರು, ಸವೆಯದೆ ಇನ್ನೂ ಉದ್ದ ಇತ್ತು. ಬುಷ್, ವಾಷರ್ ಹೊಸದು ಹಾಕಿದರು, ಅಷ್ಟೇ.

ಇನ್ನೊಂದು ತಪ್ಪು ನನ್ನದೇ. ಮಗು ಮಲಗಿರುವಾಗ ಸದ್ದು ಬೇಡ ಅಂತ ಮಿಕ್ಸಿ ಕೆಳಗೆ ಟವೆಲ್ ಮಡಚಿ ಇಡುತ್ತಿದ್ದೆ. ಗಾಳಿ ಆಡುವ ಕಿಂಡಿಗಳು ಇರುವುದೂ ಅಲ್ಲೇ! ಹೇಳುವಾಗ ನಾಚಿಕೆಯಾಯಿತು.

ಈಗ ಅರ್ಧ ಜಾರ್ ಮಾತ್ರ ಹಾಕುತ್ತೇನೆ, ಫ್ರಿಜ್ ನೀರು ಬಳಸುತ್ತೇನೆ. ಮಿಕ್ಸಿಯ ಹಿಂಬದಿಯಲ್ಲಿ 30 ನಿಮಿಷ ಅಂತ ಬರೆದಿದೆ, ಒಂದೇ ಸಮ ಓಡಿಸಿ ಅಂತ ಅರ್ಥ ಅಲ್ಲ. ಐದು ನಿಮಿಷ ಓಡಿಸಿ ಎರಡು ನಿಮಿಷ ಬಿಡಬೇಕು ಅಂತ ಜೊತೆಗೆ ಬಂದ ಪುಸ್ತಕದಲ್ಲಿ ಇರುವೆ ಅಕ್ಷರದಲ್ಲಿದೆ. ಒಂದೂವರೆ ವರ್ಷದಿಂದ ಕೆಂಪು ಗುಂಡಿ ಹೊರಗೆ ಬಂದಿಲ್ಲ.

ನಾಲ್ಕು ಜನರ ಮನೆಗೆ ಧಾರಾಳ ಸಾಕು. ವಾರಕ್ಕೆ ಮೂರು ದಿನ ದೋಸೆ, ಇಡ್ಲಿ ಮಾಡುವವರು ಗ್ರೈಂಡರನ್ನೇ ತಗೊಳ್ಳಿ. ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಕಳೆದಿದ್ದರಲ್ಲಿ ಅರ್ಧ ಸ್ಟಾರ್ ಚಟ್ನಿ ಜಾರಿನ ಮುಚ್ಚಳಕ್ಕೆ, ಮೊದಲ ದಿನದಿಂದ ಸೋರುತ್ತಿದೆ.