ಬೇಸಿಗೆ ರಜೆಯ ಗಣಿತ: ಎಂಟಿಟಿಎಸ್ ಮೇಲೋ, ಅಕಾಡೆಮಿ ಫೆಲೋಶಿಪ್ ಮೇಲೋ?

ಪದವಿಯಲ್ಲಿ ಗಣಿತ ಓದುತ್ತಿರುವವರಿಗೆ ಬೇಸಿಗೆ ರಜೆಗೆಂದು ನಮ್ಮಲ್ಲಿ ಹೆಚ್ಚಾಗಿ ಸೂಚಿಸುವುದು ಎರಡನ್ನು: ಪ್ರೊ. ಎಸ್. ಕುಮರೇಶನ್ ಅವರು 1993ರಲ್ಲಿ ಆರಂಭಿಸಿದ ಎಂಟಿಟಿಎಸ್ (ಮ್ಯಾಥಮೆಟಿಕ್ಸ್ ಟ್ರೈನಿಂಗ್ ಅಂಡ್ ಟ್ಯಾಲೆಂಟ್ ಸರ್ಚ್) ತರಬೇತಿ ಮತ್ತು ಬೆಂಗಳೂರು, ದೆಹಲಿ, ಪ್ರಯಾಗರಾಜ್‌ಗಳ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್. ನಾಲ್ಕು ವರ್ಷದ ಪದವಿಯಲ್ಲಿದ್ದ ನಾನು ಎರಡನೆಯ ವರ್ಷ ಮುಗಿದಾಗ ಮೊದಲನೆಯದಕ್ಕೂ, ಮೂರನೆಯ ವರ್ಷ ಮುಗಿದಾಗ ಎರಡನೆಯದಕ್ಕೂ ಹೋಗಿದ್ದೆ. ಎರಡನೆಯ ವರ್ಷದಲ್ಲಿರುವವರು ಕೇಳಿದರೆ ನಾನು ಎಂಟಿಟಿಎಸ್ ಅನ್ನೇ ಹೇಳುತ್ತೇನೆ, ಅದು ಸಂಶೋಧನಾ ಕಾರ್ಯಕ್ರಮವಲ್ಲದಿದ್ದರೂ.

ಎಂಟಿಟಿಎಸ್ ನಾಲ್ಕು ವಾರಗಳದ್ದು. ವಿಶ್ಲೇಷಣೆ (ಅನಾಲಿಸಿಸ್), ಬೀಜಗಣಿತ, ರೇಖೀಯ ಬೀಜಗಣಿತದಂತಹ ತಳಪಾಯದ ವಿಷಯಗಳನ್ನೇ ಅಲ್ಲಿ ಗಟ್ಟಿಯಾಗಿ ಕಲಿಸುತ್ತಾರೆ. ಆದರೆ ನೋಟ್ಸ್ ಬರೆಸುವ ಪದ್ಧತಿಯಿಲ್ಲ. ಯಾವುದೇ ಎರಡು ವಾಸ್ತವ ಸಂಖ್ಯೆಗಳ ನಡುವೆ ಭಾಗಲಬ್ಧ ಸಂಖ್ಯೆಯೊಂದು ಇದ್ದೇ ಇರುತ್ತದೆ ಎಂಬುದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿಕೊಂಡಿದ್ದ ನಮ್ಮನ್ನು ಮೇಷ್ಟ್ರು ಒಬ್ಬೊಬ್ಬರಾಗಿ ಬೋರ್ಡಿಗೆ ಕರೆದು, ಆ ಎರಡರ ಅಂತರವನ್ನು ಒಂದಕ್ಕಿಂತ ದೊಡ್ಡದಾಗುವಂತೆ ಹಿಗ್ಗಿಸಿದರೆ ಏನಾಗುತ್ತದೆ, ಆಗ ನಡುವೆ ಪೂರ್ಣಾಂಕವೊಂದು ಏಕೆ ಸಿಗಲೇಬೇಕು ಎಂದು ಕೇಳುತ್ತಾ ಹೋದರು. ಉತ್ತರವನ್ನು ಕೊನೆಗೂ ಅವರು ಹೇಳಲಿಲ್ಲ, ನಮ್ಮಿಂದಲೇ ಹೊರಡಿಸಿದರು. ಬೋರ್ಡಿನ ಮುಂದೆ ತಡವರಿಸುವುದಕ್ಕೆ ನಾಚುವವರಿಗೆ ಮೊದಲ ವಾರ ಕಷ್ಟವೇ.

ಫೆಲೋಶಿಪ್ ಎರಡು ತಿಂಗಳದ್ದು, ಸ್ವಭಾವವೂ ಬೇರೆ. ಅಲ್ಲಿ ತರಗತಿಯಿಲ್ಲ, ಒಬ್ಬ ಮಾರ್ಗದರ್ಶಕರು, ಅವರು ಕೊಟ್ಟ ಪುಸ್ತಕದ ಕೆಲವು ಅಧ್ಯಾಯಗಳು, ಆಗಾಗ ಭೇಟಿ, ಕೊನೆಗೊಂದು ವರದಿ. ನನ್ನ ಪಾಲಿಗೆ ಬಂದದ್ದು ಗ್ರಾಫ್‌ಗಳ ಐಗನ್ ಮೌಲ್ಯಗಳು. ಗ್ರಾಫ್ ಎಂದರೆ ಬಿಂದುಗಳನ್ನು (ಶೃಂಗ) ಗೆರೆಗಳಿಂದ (ಅಂಚು) ಜೋಡಿಸಿದ ಜಾಲ; ಯಾವ ಬಿಂದು ಯಾವುದಕ್ಕೆ ಜೋಡಿಯಾಗಿದೆ ಎಂಬುದನ್ನು 0, 1ಗಳಲ್ಲಿ ಬರೆದ ಮ್ಯಾಟ್ರಿಕ್ಸ್‌ನಿಂದ ಸಿಗುವ ವಿಶಿಷ್ಟ ಸಂಖ್ಯೆಗಳೇ ಅದರ ಐಗನ್ ಮೌಲ್ಯಗಳು. ಹತ್ತು ಶೃಂಗ, ಹದಿನೈದು ಅಂಚುಗಳಿರುವ ಪೀಟರ್ಸನ್ ಗ್ರಾಫಿಗೆ 3 ಒಂದು ಬಾರಿ, 1 ಐದು ಬಾರಿ, -2 ನಾಲ್ಕು ಬಾರಿ ಬರುತ್ತವೆ. ಎಲ್ಲವನ್ನೂ ಕೂಡಿದರೆ ಸೊನ್ನೆ, ವರ್ಗಗಳನ್ನು ಕೂಡಿದರೆ 30, ಅಂದರೆ ಅಂಚುಗಳ ಇಮ್ಮಡಿ. ಇದು ತಾಳೆಯಾದಾಗ ಆದ ಸಂತೋಷ ನಿಜವಾದದ್ದು, ಆದರೆ ಅದು ಹೊಸ ಸಂಶೋಧನೆಯೇನೂ ಅಲ್ಲ. ಗಣಿತದಲ್ಲಿ ಎರಡು ತಿಂಗಳು ಓದಿಗೇ ಸಾಲುವುದು ಕಷ್ಟವಾದ್ದರಿಂದ ಈ ಫೆಲೋಶಿಪ್ ಬಹುಪಾಲು ಮಾರ್ಗದರ್ಶನದಲ್ಲಿ ನಡೆಯುವ ಓದಾಗಿಯೇ ಉಳಿಯುತ್ತದೆ. ಪ್ರಮೇಯಗಳ ಸಾಧನೆಗಳನ್ನು (ಪ್ರೂಫ್) ಸ್ವತಃ ಬರೆಯುವ ಅಭ್ಯಾಸವಿಲ್ಲದೆ ಹೋದವರು ಅಲ್ಲಿ ಪುಟ ತಿರುಗಿಸುವುದರಲ್ಲೇ ದಿನ ಕಳೆಯುವ ಅಪಾಯವಿದೆ. ನನಗೆ ಹಿಂದಿನ ಬೇಸಿಗೆಯ ಬೋರ್ಡು ಕೈಹಿಡಿಯಿತು.

ಹಣದ ವಿಚಾರದಲ್ಲಿ ಫೆಲೋಶಿಪ್ ಮುಂದಿದೆ, ತಿಂಗಳ ಭತ್ಯೆ ಸಿಗುತ್ತದೆ. ನಾನು ಹೋದಾಗ ಎಂಟಿಟಿಎಸ್‌ನಲ್ಲಿ ಊಟ, ವಸತಿ ಉಚಿತವಾಗಿತ್ತು. ಗೆಳೆತನದ ವಿಚಾರದಲ್ಲಿ ಎಂಟಿಟಿಎಸ್‌ಗೆ ಸಾಟಿಯಿಲ್ಲ, ಏಕೆಂದರೆ ರಾತ್ರಿ ಹಾಸ್ಟೆಲಿನಲ್ಲಿ ಲೆಕ್ಕದ ಮೇಲೆ ಜಗಳವಾಡಲು ಬೇರೆ ಬೇರೆ ರಾಜ್ಯದವರು ಸಿಗುತ್ತಾರೆ. ಪದವಿ ವಿದ್ಯಾರ್ಥಿಗಳಿಗೆ ಸಂಶೋಧನೆಯ ಅನುಭವ ಕೊಡುವ ಅಮೆರಿಕದ ಆರ್‌ಇಯು ಕಾರ್ಯಕ್ರಮಗಳ ಬಗ್ಗೆ ಹಲವರು ಕೇಳುತ್ತಾರೆ. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ (ಎನ್‌ಎಸ್‌ಎಫ್) ಹಣ ಆ ದೇಶದ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮೀಸಲಾದ್ದರಿಂದ ಇಲ್ಲಿಂದ ಅರ್ಜಿ ಹಾಕುವವರಿಗೆ ಅವಕಾಶ ತೀರ ಕಡಿಮೆ, ಅಲ್ಲೇ ನೆಲೆಸಿರುವ ಕನ್ನಡಿಗರ ಮಕ್ಕಳಿಗೆ ಮಾತ್ರ ಅದು ಒಳ್ಳೆಯ ಆಯ್ಕೆ.

ಫೆಲೋಶಿಪ್‌ಗೆ ಅರ್ಜಿ ಹಾಕುವವರು ಉದ್ದೇಶದ ಟಿಪ್ಪಣಿಯಲ್ಲಿ ಗಣಿತವೆಂದರೆ ಪ್ರೀತಿ ಎಂದು ಬರೆಯುವ ಬದಲು, ಯಾವ ಪ್ರಮೇಯದವರೆಗೆ ಓದಿದ್ದೇನೆ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ ಎಂಬುದನ್ನು ಬರೆಯುವುದು ಉತ್ತಮ. ಶಿಫಾರಸು ಪತ್ರವನ್ನೂ ವಿಭಾಗದ ಮುಖ್ಯಸ್ಥರಿಗಿಂತ ನಿಮ್ಮ ಉತ್ತರ ಪತ್ರಿಕೆಯನ್ನು ನಿಜವಾಗಿ ಓದಿದ ಅಧ್ಯಾಪಕರಿಂದ ಬರೆಸಿಕೊಳ್ಳಿ.