ದೆಹಲಿ ನಂಬರಿನ ಎಸ್‌ಯುವಿ ಅಗ್ಗಕ್ಕೆ ಸಿಗ್ತಿದೆಯಾ? ಪೂರ್ತಿ ದುಡ್ಡು ಕೊಡೋ ಮುಂಚೆ ಓದಿ

ಡಿಎಲ್ ನಂಬರಿನ ಹಳೇ ಡೀಸೆಲ್ ಎಸ್‌ಯುವಿಗಳು ನಮ್ಮ ಕಡೆ ಯಾಕೆ ಅಷ್ಟು ಅಗ್ಗ? ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸುವಂತಿಲ್ಲ ಎಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. 2025ರಲ್ಲಿ ಕೋರ್ಟ್ ಸ್ವಲ್ಪ ಸಡಿಲ ಮಾಡಿದೆ, ನಿಜ. ಆದರೆ ಅಷ್ಟರಲ್ಲಿ ಎಷ್ಟೋ ಜನ ಸಿಕ್ಕಿದ ರೇಟಿಗೆ ಗಾಡಿ ಮಾರಿಬಿಟ್ಟಿದ್ದರು. ಹಾಗಾಗಿ ಬೆಲೆ ಕಡಿಮೆ ಅಂದ ಮಾತ್ರಕ್ಕೆ ಗಾಡಿ ಕೆಟ್ಟದ್ದು ಅಂತಲ್ಲ. ಪೇಚಾಟ ಇರುವುದು ಕಾಗದಪತ್ರದಲ್ಲಿ.

ತಿಪಟೂರಿನ ನಮ್ಮ ಭಾವ ಬೆಂಗಳೂರಿನ ಒಬ್ಬ ಡೀಲರ್ ಹತ್ತಿರ ಅಂಥದ್ದೊಂದು ಏಳು ಸೀಟಿನ ಗಾಡಿ ತಗೊಂಡರು. 2014ರ ಮಾಡೆಲ್, ಆರೂವರೆ ಲಕ್ಷ. ಅದೇ ವರ್ಷದ ಕೆಎ ಗಾಡಿಗೆ ಎಂಟರ ಮೇಲೆ ಕೇಳುತ್ತಿದ್ದರು. ಊರಿನ ಮೆಕ್ಯಾನಿಕ್‌ನನ್ನೂ ಜೊತೆಗೆ ಕರೆತಂದಿದ್ದರು. ಎಂಜಿನ್ ಆನ್ ಇರುವಾಗಲೇ ಆಯಿಲ್ ಮುಚ್ಚಳ ತೆಗೆದು ಹೊಗೆ ಬರುತ್ತಾ ಅಂತ ನೋಡಿದ. ಕೆಳಗೆ ಮಲಗಿ ಚಾಸಿಯ ತುಕ್ಕು ನೋಡಿದ. ಸೀಟ್‌ಬೆಲ್ಟ್ ಪೂರ್ತಿ ಎಳೆದು ಕೆಸರಿನ ಗೆರೆ ಹುಡುಕಿದ. (ನೆರೆಯಲ್ಲಿ ಮುಳುಗಿದ ಗಾಡಿ ಎಷ್ಟು ತೊಳೆದರೂ ಸಾಮಾನ್ಯವಾಗಿ ಅಲ್ಲಿ ಸಿಕ್ಕಿಬೀಳುತ್ತದೆ. 2022ರಲ್ಲಿ ಬೆಂಗಳೂರಲ್ಲೇ ಎಷ್ಟು ಕಾರು ಮುಳುಗಿದವು, ಮರೆತಿಲ್ಲ ಅಲ್ವಾ?) ಗಾಡಿ ಪಾಸ್.

"ಎನ್‌ಒಸಿ ಕೈಯಲ್ಲೇ ಇದೆ ಸಾರ್, ಉಳಿದಿದ್ದೆಲ್ಲ ನಾವೇ ಮಾಡಿಸ್ಕೊಡ್ತೀವಿ" ಅಂದ ಡೀಲರ್. ಪೂರ್ತಿ ದುಡ್ಡು ಕೈ ಸೇರಿದ ಮೇಲೆ ಫೋನ್ ಎತ್ತುವುದು ಕಡಿಮೆಯಾಯಿತು.

ಎನ್‌ಒಸಿ (ಗಾಡಿಯನ್ನು ಬೇರೆ ಕಡೆ ನೋಂದಾಯಿಸಲು ಹಳೇ ಆರ್‌ಟಿಒ ಕೊಡುವ ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಇದ್ದದ್ದೇನೋ ನಿಜ. ಆದರೆ ಅದರಲ್ಲಿದ್ದದ್ದು ಬೆಂಗಳೂರಿನ ಒಂದು ಆರ್‌ಟಿಒ ಹೆಸರು. ತಿಪಟೂರಿನಲ್ಲಿ ಅದು ನಡೆಯಲಿಲ್ಲ. ಬದಲಾಯಿಸಬೇಕಾದರೆ ದೆಹಲಿಯಲ್ಲೇ ಆಗಬೇಕು, ಆರ್‌ಸಿಯಲ್ಲಿ ಹೆಸರಿರುವವರ ಸಹಿ ಬೇಕು. ಆ ಮನುಷ್ಯ ಯಾರೋ, ಎಲ್ಲಿದ್ದಾರೋ! ಗಾಡಿ ತನ್ನ ವಶಕ್ಕೆ ಬಂದಿದೆ ಎಂದು ಡೀಲರ್ ಎಲ್ಲೂ ತೋರಿಸಿರಲೇ ಇಲ್ಲ. 2023ರ ಏಪ್ರಿಲ್‌ನಿಂದ ಇದಕ್ಕೆ ನಿಯಮವಿದೆ. ಹಳೇ ಗಾಡಿ ಮಾರುವ ಡೀಲರ್ ಆರ್‌ಟಿಒದಿಂದ ಅನುಮತಿ ಪತ್ರ ಪಡೆದಿರಬೇಕು. ಗಾಡಿ ಅವರ ಕೈಗೆ ಬಂದಾಗ ಫಾರಂ 29ಸಿ ಸಲ್ಲಿಕೆಯಾಗಬೇಕು. ಇವೆರಡನ್ನೂ ಕೇಳಿ. ಮುಖ ನೋಡಿದರೇ ಅರ್ಧ ಗೊತ್ತಾಗುತ್ತದೆ.

ಇನ್ನು ಟ್ಯಾಕ್ಸ್. ಹೊರ ರಾಜ್ಯದ ಗಾಡಿಗೆ ಕೆಎ ನಂಬರ್ ಬೇಕಾದರೆ ಇಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಲೇಬೇಕು. ನೀವು ಕೊಟ್ಟ ಆರೂವರೆ ಲಕ್ಷದ ಮೇಲೆ ಅಲ್ಲ, ಗಾಡಿ ಹೊಸದಿದ್ದಾಗಿನ ಬೆಲೆಯ ಮೇಲೆ! ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ, ಆದರೂ ಹದಿನೈದು ಲಕ್ಷದ ಗಾಡಿಯಾದ್ದರಿಂದ ಭಾವನಿಗೆ ಲಕ್ಷದ ಮೇಲೆ ಬಿತ್ತು. ಅದರ ಮೇಲೆ ಏಜೆಂಟ್ ಖರ್ಚು, ಹಳೇ ಕ್ಯಾಮೆರಾ ಚಲನ್‌ಗಳು. ಕೆಎ ಗಾಡಿಗೂ ಇದಕ್ಕೂ ಇದ್ದ ಬೆಲೆಯ ವ್ಯತ್ಯಾಸ ಅಲ್ಲಿಗೇ ಮುಗಿಯಿತು.

"ಒಂದು ವರ್ಷ ಡಿಎಲ್ ನಂಬರಲ್ಲೇ ಓಡಿಸಿ, ಯಾರೂ ಕೇಳಲ್ಲ" ಅನ್ನುವವರೂ ಇದ್ದಾರೆ. ಮೋಟಾರು ವಾಹನ ಕಾಯ್ದೆಯಲ್ಲಿ 12 ತಿಂಗಳ ಮಾತು ಇರುವುದು ಹೊಸ ನಂಬರ್ ಪಡೆಯುವುದಕ್ಕೆ. ಗಾಡಿ ಕೊಂಡವರು 30 ದಿನದೊಳಗೆ ತಮ್ಮ ಊರಿನ ಆರ್‌ಟಿಒಗೆ ತಿಳಿಸಬೇಕು ಅನ್ನುವುದು ಬೇರೆಯೇ ಸೆಕ್ಷನ್. ಮೊದಲನೆಯದನ್ನು ಹೇಳಿ ಎರಡನೆಯದನ್ನು ನುಂಗಿಬಿಡುತ್ತಾರೆ. ಅಷ್ಟರಲ್ಲಿ ಗುದ್ದಿದರೆ ಇನ್ಶೂರೆನ್ಸ್ ಇನ್ನೊಬ್ಬರ ಹೆಸರಲ್ಲಿ!

ಅಡ್ವಾನ್ಸ್ ಕೊಡುವ ಮುಂಚೆ ಪರಿವಾಹನ್ ಸೈಟಿನಲ್ಲಿ ನಂಬರ್ ಹಾಕಿ ಸಾಲ, ಚಲನ್, ಬ್ಲಾಕ್‌ಲಿಸ್ಟ್ ನೋಡಿ. ಕಳವಿನ ಗಾಡಿಯೇ ಅಂತ ಎನ್‌ಸಿಆರ್‌ಬಿಯ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ) ವಾಹನ್ ಸಮನ್ವಯ್ ಸೈಟಿನಲ್ಲಿ ನೋಡಬಹುದು. ಟ್ಯಾಕ್ಸ್ ಎಷ್ಟಾಗುತ್ತದೆ ಅಂತ ಆರ್‌ಟಿಒದಲ್ಲೇ ಕೇಳಿ, ಡೀಲರ್ ಲೆಕ್ಕ ನಂಬಬೇಡಿ. ಆರ್‌ಸಿ ನಿಮ್ಮ ಹೆಸರಿಗೆ ಬರುವವರೆಗೆ ಕನಿಷ್ಠ ಒಂದು ಲಕ್ಷ ಹಿಡಿದಿಟ್ಟುಕೊಳ್ಳಿ. ಇದಕ್ಕೆ ಒಪ್ಪದವನ ಹತ್ತಿರ ಗಾಡಿ ಬೇಡ.

ಭಾವನ ರಸೀದಿಯಲ್ಲಿ ಆರ್‌ಸಿ ಮಾಡಿಸಿಕೊಡುವ ಬಗ್ಗೆ ಒಂದಕ್ಷರವೂ ಇಲ್ಲ. ವಾಟ್ಸಾಪ್ ಮೆಸೇಜುಗಳು ಮಾತ್ರ ಉಳಿದಿವೆ. ಅವನ್ನೇ ಪ್ರಿಂಟ್ ತೆಗೆಸಿ ಗ್ರಾಹಕ ಆಯೋಗಕ್ಕೆ ದೂರು ತಯಾರು ಮಾಡುತ್ತಿದ್ದೇವೆ.